ತುಮಕೂರಿನ ನಮ್ಮ ಪಾರ್ಕ್ ಕೊಳ: ಹೋಗಿ, ಆದರೆ ಹಿಂದಿನ ಮೂಲೆಯಲ್ಲಿ ಕೂತು ನೋಡಿ

ಮೊದಲೇ ಹೇಳಿಬಿಡುತ್ತೇನೆ, ಈ ಕೊಳಕ್ಕೆ ನನ್ನ ಲೆಕ್ಕದಲ್ಲಿ 5ಕ್ಕೆ 4 ಸ್ಟಾರ್. ಅದರಲ್ಲಿ 3 ಸ್ಟಾರ್ ಬರೀ ಒಂದು ಮೂಲೆಗೆ. ಇನ್ನೊಂದು ಅಲ್ಲಿನ ಮಾಲಿ ಅಣ್ಣನಿಗೆ. ಒಂದು ಸ್ಟಾರ್ ಯಾಕೆ ಕಳೆದೆ ಅನ್ನೋದನ್ನೂ ಹೇಳುತ್ತೇನೆ.

ತುಮಕೂರಿನಲ್ಲಿ ನೀರು ನೋಡಬೇಕು ಅಂದರೆ ಎಲ್ಲರೂ ಅಮಾನಿಕೆರೆ ಕಡೆ ಹೋಗುತ್ತಾರೆ. ನಾವೂ ಹೋಗುತ್ತೇವೆ. ಗಾಜಿನ ಮನೆ ನೋಡಿಕೊಂಡು, ಕೆರೆ ಪಕ್ಕ ಒಂದು ಸುತ್ತು ಹಾಕಿ, ಗಾಳಿ ಕುಡಿದು ಬರೋದು ಚೆನ್ನಾಗೇ ಇರುತ್ತದೆ. ಆದರೆ ಅಲ್ಲಿ ನೀರು ದೂರ. ಕೆರೆ ಕಾಣುತ್ತದೆ, ಕೆರೆ ಒಳಗೆ ಏನಿದೆ ಅಂತ ಕಾಣೋದಿಲ್ಲ. ಎಂಟು ವರ್ಷದ ಹುಡುಗನಿಗೆ ಐದು ನಿಮಿಷಕ್ಕೇ ಬೇಜಾರು ಬರುತ್ತದೆ. ಅದೇ ಹುಡುಗ ಈ ಪಾರ್ಕ್ ಕೊಳದ ಹತ್ತಿರ ಒಂದೂವರೆ ಗಂಟೆ ಒಂದೇ ಕಡೆ ಕುಕ್ಕರುಗಾಲಲ್ಲಿ ಕೂತಿದ್ದ. ಮೊಬೈಲ್ ಕೇಳಲಿಲ್ಲ. ಐಸ್‌ಕ್ರೀಂ ಕೇಳಲಿಲ್ಲ. "ಚಿಕ್ಕ ಕೊಳ, ನೋಡೋಕೆ ಏನಿದೆ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಚಿಕ್ಕದು ಅಂತಲೇ ಎಲ್ಲ ಕಾಣುತ್ತದೆ, ಕೈಚಾಚಿದಷ್ಟು ದೂರದಲ್ಲಿ.

ಬಿ.ಎಚ್. ರಸ್ತೆ ಬಿಟ್ಟು ಬಡಾವಣೆ ಒಳಗೆ ಹತ್ತು ನಿಮಿಷ ನಡೆದರೆ ಪಾರ್ಕ್ ಸಿಗುತ್ತದೆ, ಪಕ್ಕದಲ್ಲಿ ಒಂದು ಸಮುದಾಯ ಭವನ, ಎದುರಿಗೆ ಹಾಲಿನ ಬೂತ್. ಪಾರ್ಕಿನ ನಡುವೆ ಕಟ್ಟಿಸಿರುವ ಕೊಳ ಇದು. ತಾನಾಗಿ ಆದ ಕೆರೆಯಲ್ಲ, ಹಳೇ ಕಲ್ಯಾಣಿಯೂ ಅಲ್ಲ. ಅಗೆದು, ಸಿಮೆಂಟ್ ಹಾಕಿ, ನಡುವೆ ಒಂದು ಕಾರಂಜಿ ಪೈಪ್ ನಿಲ್ಲಿಸಿ, ಸುತ್ತ ಕಂಬಿ ಹಾಕಿದ್ದಾರೆ. ಮಗನೂ ನಾನೂ ಹೆಜ್ಜೆ ಹಾಕಿ ಅಳೆದೆವು, ಉದ್ದ ಸುಮಾರು 25 ಮೀಟರ್, ಅಗಲ 15 ಮೀಟರ್. ನಡುವೆ ಎದೆಮಟ್ಟದ ನೀರು ಅಂತ ಮಾಲಿ ಅಣ್ಣ ಹೇಳಿದರು. ಒಂದು ಕಡೆ ನಾಲ್ಕು ಕಲ್ಲಿನ ಮೆಟ್ಟಿಲು ಇವೆ, ಮಿಕ್ಕ ಕಡೆಯೆಲ್ಲ ನೆಟ್ಟಗೆ ನಿಂತ ಗೋಡೆ.

ನಾವು ಹೋಗಿದ್ದು ದಸರಾ ರಜೆಯಲ್ಲಿ. ಹಸ್ತ ಮಳೆ ಮುಗಿದು ಚಿತ್ತ ಮಳೆ ಹುಟ್ಟಿತ್ತು. ಹಿಂದಿನ ರಾತ್ರಿ ಒಳ್ಳೇ ಮಳೆ. ನಾನು, ಮಗ, ಜೊತೆಗೆ ನಮ್ಮ ಅತ್ತೆ. ಅತ್ತೆ ಗುಬ್ಬಿ ತಾಲ್ಲೂಕಿನ ಹಳ್ಳಿಯವರು, ಮಂಡಿನೋವಿದ್ದರೂ ಬೆಳಗ್ಗೆ ಒಂದು ಸುತ್ತು ನಡೆಯದೆ ಇರುವವರಲ್ಲ. ಕೊಳ ಕಂಡ ತಕ್ಷಣ ಅವರು ಮೊದಲು ಮಾಡಿದ್ದು, ಮೆಟ್ಟಿಲ ಹತ್ತಿರ ಬಗ್ಗಿ ಎರಡು ಬೆರಳು ನೀರಲ್ಲಿ ಅದ್ದಿ ಕಣ್ಣಿಗೆ ಒತ್ತಿಕೊಂಡಿದ್ದು. ಎರಡನೇದು, ಸುತ್ತ ಕಣ್ಣಾಡಿಸಿ ಕೇಳಿದ್ದು:

"ಇದರ ಕೋಡಿ ಎಲ್ಲಮ್ಮ?"

"ಅತ್ತೆ, ಇದು ಕೆರೆ ಅಲ್ಲ. ಸುಮ್ನೆ ನೋಡೋಕೆ ಅಂತ ಕಟ್ಟಿರೋ ಕೊಳ."

"ನೋಡೋಕೆ ಕಟ್ಟಿದ್ರೆ ಮಳೆ ಕೇಳ್ತದಾ? ಬರೋ ನೀರಿಗೊಂದು ದಾರಿ, ಹೋಗೋ ನೀರಿಗೊಂದು ದಾರಿ, ಎರಡೂ ಬೇಕು ಕಣಮ್ಮ."

ಅವರು ಹೇಳಿದ್ದು ಆವತ್ತೇ ಕಣ್ಣೆದುರಿಗೆ ಕಾಣುತ್ತಿತ್ತು. ನಡೆಯುವ ದಾರಿ ಮೇಲೆ ಅರ್ಧ ಕೊಳದುದ್ದಕ್ಕೂ ಕೆಸರು. ರಾತ್ರಿ ನೀರು ಉಕ್ಕಿ ದಾರಿ ಮೇಲೆ ಹರಿದಿತ್ತು. ಅತ್ತೆ ಗೋಡೆ ಪಕ್ಕದಲ್ಲೇ ನಿಧಾನವಾಗಿ ನಡೆದು ಒಂದು ಕಡೆ ನಿಂತು ಕೈ ತೋರಿಸಿದರು. ನೀರಿನ ಮಟ್ಟದಲ್ಲೇ ಒಂದು ಪೈಪಿನ ಬಾಯಿ ಇತ್ತು, ಅದೇ ಈ ಕೊಳದ ಕೋಡಿ. ಬಾಯಿ ತುಂಬ ಹಾಲಿನ ಕವರ್, ಕುರುಕಲು ತಿಂಡಿಯ ಕವರ್, ಒಂದು ತೆಂಗಿನ ಗರಿ. ಮಾಲಿ ಅಣ್ಣನನ್ನು ಕರೆದೆ. ಅವರು ಉದ್ದನೆಯ ಕೋಲು ತಂದು ಎಲ್ಲ ಎಳೆದು ಹಾಕಿದರು, ಗುಳುಗುಳು ಅಂತ ನೀರು ಇಳಿಯೋಕೆ ಶುರುವಾಯಿತು. ಆ ಸದ್ದು ಕೇಳಿ ಅತ್ತೆ ಮುಖದಲ್ಲಿ ನಗು. ಅವರ ಊರಲ್ಲಿ ಕೆರೆ ಕೋಡಿ ಬಿದ್ದರೆ ಊರೇ ಏರಿ ಮೇಲೆ ಸೇರುತ್ತಿತ್ತಂತೆ, ಹೆಂಗಸರು ಬಾಗಿನ ಬಿಡುತ್ತಿದ್ದರಂತೆ.

ಬರುವ ನೀರಿನ ವಿಷಯವೂ ಅಷ್ಟೇ. ಬೇಸಿಗೆಯಲ್ಲಿ ಈ ಕೊಳಕ್ಕೆ ಟ್ಯಾಂಕರ್ ನೀರು ಬಿಡುತ್ತಾರೆ ಅಂತ ಮಾಲಿ ಅಣ್ಣ ಹೇಳಿದರು. ನಾನು ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ನಮ್ಮ ಕಡೆ ಬಿರುಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 5ರಿಂದ 8 ಮಿಲಿಮೀಟರ್ ಆವಿಯಾಗಿ ಹೋಗುತ್ತದೆ. 6 ಅಂತಲೇ ಇಟ್ಟುಕೊಳ್ಳೋಣ. 375 ಚದರ ಮೀಟರ್ ಕೊಳದಿಂದ ದಿನಕ್ಕೆ 2,250 ಲೀಟರ್ ಗಾಳಿಗೆ ಹೋಯಿತು. ಅಂದರೆ 6,000 ಲೀಟರಿನ ಒಂದು ಟ್ಯಾಂಕರ್ ಮೂರು ದಿನಕ್ಕೂ ಬರೋದಿಲ್ಲ. ಅದೇ ಪಕ್ಕದ ಸಮುದಾಯ ಭವನದ ತಾರಸಿ ಕಮ್ಮಿ ಅಂದರೂ 300 ಚದರ ಮೀಟರ್ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ರಾತ್ರಿ 20 ಮಿಲಿಮೀಟರ್ ಮಳೆ ಬಂದರೆ ಆ ತಾರಸಿ ಮೇಲೇ ಒಂದು ಟ್ಯಾಂಕರ್ ನೀರು ಬಿತ್ತು. ಈಗ ಅದು ಪೈಪಿನಲ್ಲಿ ಇಳಿದು ಸೀದಾ ಚರಂಡಿಗೆ ಹೋಗುತ್ತಿದೆ. ಕೊಳದ ಗೋಡೆಗೂ ಆ ಪೈಪಿಗೂ ಇಪ್ಪತ್ತು ಹೆಜ್ಜೆ. ನಮ್ಮ ಮನೆ ನಲ್ಲಿಗೆ ಬರುವ ನೀರು ಹೇಮಾವತಿಯದು, ಹಾಸನದ ಗೊರೂರಿನಿಂದ ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ಸೇರಿ ಅಲ್ಲಿಂದ ಊರಿಗೆ. ಅಷ್ಟು ದೂರದಿಂದ ನೀರು ತರಿಸಿಕೊಳ್ಳುವ ಊರಲ್ಲಿ, ತಲೆ ಮೇಲೆ ಬಿದ್ದ ನೀರನ್ನು ಇಪ್ಪತ್ತು ಹೆಜ್ಜೆ ತಿರುಗಿಸೋಕೆ ಆಗಲ್ವಾ? ಸಂಬಂಧಪಟ್ಟವರು ಒಂದು ಪೈಪ್ ಜೋಡಿಸಿದರೆ ಸಾಕು. ಮೊದಲ ಮಳೆ ತಾರಸಿ ಧೂಳು ತೊಳೆದುಕೊಂಡು ಬರುತ್ತದೆ, ಅದನ್ನು ಚರಂಡಿಗೆ ಬಿಟ್ಟು ಆಮೇಲಿನದನ್ನು ತಿರುಗಿಸಿಕೊಂಡರಾಯಿತು.

ಈಗ ಆ ಮೂಲೆ.

ಗೇಟಿನಿಂದ ಒಳಗೆ ಹೋದರೆ ಕೊಳದ ಹಿಂದುಗಡೆ, ಹೊಂಗೆ ಮರದ ಕೆಳಗೆ, ಗೋಡೆಯ ಒಂದು ಭಾಗ ಬಿರುಕು ಬಿಟ್ಟು ಒಳಕ್ಕೆ ಜಾರಿದೆ. ಮೇಲಿನ ಹೂವಿನ ಪಾತಿ ಮಣ್ಣು ಮಳೆಗೆ ಸ್ವಲ್ಪ ಸ್ವಲ್ಪವೇ ಇಳಿದು, ನೀರಿನೊಳಗೆ ಒಂದು ಪುಟ್ಟ ಇಳಿಜಾರು ಆಗಿದೆ. ಎರಡು ಮಂಚದಷ್ಟು ಜಾಗ, ಜಾಸ್ತಿ ಇಲ್ಲ. ಅಲ್ಲಿ ಜೊಂಡು ಬೆಳೆದಿದೆ. ದಡದಲ್ಲಿ ಒಂದೆಲಗ ಹಬ್ಬಿದೆ, ಅದರ ಪಕ್ಕ ಹೊನಗೊನ್ನೆ ಸೊಪ್ಪು. ಅತ್ತೆ ಕಂಡ ಕೂಡಲೇ ಸೆರಗು ಒಡ್ಡಿ ಕೀಳೋಕೆ ಹೊರಟರು, ಈ ನೀರಿಗೆ ಏನೇನು ಸೇರುತ್ತದೋ ಅಂತ ನಾನೇ ಬೇಡ ಅಂದೆ. ದೂರದಿಂದ ನೋಡಿದರೆ ಇದು ಪಾಳು ಬಿದ್ದ ಮೂಲೆ. ಫೋಟೊ ತೆಗೆಯುವವರೆಲ್ಲ ಇದನ್ನು ಬಿಟ್ಟು ಮೆಟ್ಟಿಲ ಕಡೆಯಿಂದ ತೆಗೆಯುತ್ತಾರೆ. ಆದರೆ ಆ ಒಂದೂವರೆ ಗಂಟೆಯಲ್ಲಿ ನಾವು ನೋಡಿದ್ದೆಲ್ಲ ಈ ಮೂಲೆಯಲ್ಲೇ. ಮಿಕ್ಕ ಮೂರು ಕಡೆಯಲ್ಲಿ ನೀರು ಇದೆ, ಅಷ್ಟೇ.

ಮೊದಲು ಕಂಡಿದ್ದು ಮಗನಿಗೆ. "ಅಮ್ಮಾ, ಸತ್ತ ಹುಳ" ಅಂದ. ಒಂದು ಜೊಂಡಿನ ದಂಟಿನ ಮೇಲೆ, ನೀರಿನಿಂದ ಗೇಣು ಎತ್ತರದಲ್ಲಿ, ಒಣಗಿದ ಹುಳ ಅಂಟಿಕೊಂಡಿತ್ತು. ಹತ್ತಿರ ಹೋಗಿ ನೋಡಿದರೆ ಅದು ಹುಳ ಅಲ್ಲ, ಬರೀ ಚಿಪ್ಪು. ಬಣ್ಣ ಕಡಲೆಕಾಯಿ ಸಿಪ್ಪೆಯ ಥರ. ಆರು ಕಾಲೂ ದಂಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದವು, ಕಣ್ಣಿನ ಗುಬುಟು ಹಾಗೇ ಇತ್ತು, ಬೆನ್ನು ಮಾತ್ರ ಉದ್ದಕ್ಕೆ ಸೀಳಿತ್ತು. ಸೀಳಿನೊಳಗಿಂದ ನಾಲ್ಕೈದು ಬಿಳೀ ದಾರದೆಳೆ ಹೊರಗೆ ಬಂದಿದ್ದವು. ಊದಿದರೆ ಅಲ್ಲಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಏರೋಪ್ಲೇನ್ ಚಿಟ್ಟೆ ಬಿಟ್ಟುಹೋದ ಪೊರೆ ಅದು. ಹಾವು ಪೊರೆ ಬಿಡೋದು ಗೊತ್ತಿದ್ದ ಮಗನಿಗೆ ಇದು ನಂಬೋಕೇ ಆಗಲಿಲ್ಲ. ಏರೋಪ್ಲೇನ್ ಚಿಟ್ಟೆ ನೀರಲ್ಲಿ ಮೊಟ್ಟೆ ಇಡುತ್ತದೆ. ಮರಿ ನೀರೊಳಗೇ ಬೆಳೆಯುತ್ತದೆ, ರೆಕ್ಕೆ ಇರೋದಿಲ್ಲ, ನೋಡೋಕೆ ಯಾವುದೋ ಕೆಸರಿನ ಹುಳ. ಬೆಳೆದ ಮೇಲೆ ಒಂದು ರಾತ್ರಿ ಅಥವಾ ಬೆಳಗಿನ ಜಾವ ದಂಟು ಹಿಡಿದು ನೀರಿನಿಂದ ಮೇಲೆ ಹತ್ತಿ, ಬೆನ್ನು ಸೀಳಿಕೊಂಡು ಹೊರಗೆ ಬಂದು, ರೆಕ್ಕೆ ಒಣಗಿಸಿಕೊಂಡು ಹಾರಿಹೋಗುತ್ತದೆ. ಹತ್ತೋಕೆ ಅದಕ್ಕೊಂದು ದಂಟು ಬೇಕು. ಆಮೇಲೆ ಮಗ ಎಣಿಸುತ್ತಾ ಹೋದ, ಆ ಎರಡು ಮಂಚದಷ್ಟು ಜಾಗದಲ್ಲಿ ಹದಿನೇಳು ಪೊರೆ. ಸಿಮೆಂಟ್ ಗೋಡೆ ಉದ್ದಕ್ಕೂ ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು.

ಕೊಳದ ಮೇಲೆ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಹಾರುತ್ತಿದ್ದವು. ಮಳೆ ನಿಂತ ಮೇಲೆ ಬಯಲಲ್ಲಿ, ಆಟದ ಮೈದಾನದಲ್ಲಿ ಎಲ್ಲರೂ ನೋಡಿರುತ್ತೀರಿ. ಈ ಜಾತಿ ಅಕ್ಟೋಬರ್ ಹೊತ್ತಿಗೆ ನಮ್ಮ ದೇಶದಿಂದ ಗಾಳಿ ಹಿಡಿದು ಮಾಲ್ಡೀವ್ಸ್ ಮೇಲೆ ಹಾದು, ಸಮುದ್ರ ದಾಟಿ ಪೂರ್ವ ಆಫ್ರಿಕಾದ ಕಡೆ ಹೋಗುತ್ತದೆ ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಬೆರಳುದ್ದದ ಹುಳ. ಮಳೆಗೆ ತುಂಬಿದ ಗುಂಡಿಯಲ್ಲಿ, ಇಂಥ ಕೊಳದಲ್ಲಿ ಹುಟ್ಟಿ ಅಷ್ಟು ದೂರ! ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತು, "ಪಾಪ, ದಾರೀಲಿ ಎಲ್ಲಿ ಕೂತ್ಕೊಳ್ತಾವೋ" ಅಂದರು.

ಜೊಂಡಿನೊಳಗೆ ಹುಂಡುಕೋಳಿ ಇತ್ತು, ಎದೆ ಬಿಳಿ, ಬೆನ್ನು ಕಪ್ಪು, ಹಿಂದೆ ಮಸಿಯುಂಡೆಯಂಥ ಮೂರು ಮರಿ. ನಮ್ಮ ಸದ್ದಿಗೆ ತಾಯಿ ಒಳಗೆ ನುಗ್ಗಿತು, ಮರಿಗಳೂ ನುಗ್ಗಿದವು. ಹತ್ತು ನಿಮಿಷ ಅಲ್ಲಾಡದೆ ಕೂತ ಮೇಲೆ ಮತ್ತೆ ಹೊರಗೆ ಬಂದವು. ಬಕ ಒಂದು ಕೆಸರಿನ ಬಣ್ಣದಲ್ಲೇ ಕೂತಿತ್ತು, ಎದ್ದು ಹಾರುವ ತನಕ ಯಾರಿಗೂ ಕಾಣಲಿಲ್ಲ, ಹಾರಿದಾಗ ನೋಡಿದರೆ ರೆಕ್ಕೆಯೆಲ್ಲ ಬೆಳ್ಳಗೆ. ಹೊಂಗೆ ಕೊಂಬೆಯಿಂದ ಮಿಂಚುಳ್ಳಿ ಎರಡು ಸಲ ಧುಮುಕಿತು, ಎರಡನೇ ಸಲ ಮೀನು ಸಿಕ್ಕಿತು. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ಹುಣಸೆ ಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಿಬಂದವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಆದರೆ ಮನೆಯಿಂದ ಹತ್ತು ನಿಮಿಷ ನಡೆದು, ಖರ್ಚಿಲ್ಲದೆ, ದುರ್ಬೀನೂ ಇಲ್ಲದೆ ಇಷ್ಟು ಹತ್ತಿರ ಹಕ್ಕಿ ನೋಡೋದು ನಮ್ಮ ಊರೊಳಗೆ ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ಕಪ್ಪೆ ಮರಿಗಳ ವಿಷಯ ಒಂದು ಹೇಳಲೇಬೇಕು. ಕಾಲು ಬಂದು ಬಾಲ ಕರಗುತ್ತಾ ಬಂದ ಮೇಲೆ ಅವು ನೀರು ಬಿಟ್ಟು ಮೇಲೆ ಬರಬೇಕು. ನೆಟ್ಟಗಿನ ಗೋಡೆ ಹತ್ತಿರ ಹೋದವು ಹತ್ತೋಕೆ ಆಗದೆ ಜಾರಿ ಜಾರಿ ಬೀಳುತ್ತಿದ್ದವು, ನಾಲ್ಕೈದು ಸತ್ತು ತೇಲುತ್ತಿದ್ದವು. ಈ ಮೂಲೆಗೆ ಬಂದವು ಮಣ್ಣಿನ ಮೇಲೆ ಸಲೀಸಾಗಿ ನಡೆದು ಹುಲ್ಲೊಳಗೆ ಹೋಗುತ್ತಿದ್ದವು. ಅತ್ತೆ ನೋಡಿ ಹೇಳಿದ್ದು, "ನಮ್ಮೂರ ಗೋಕಟ್ಟೆಗೆ ಒಂದು ಕಡೆ ಇಳಿಜಾರು ಇರ್ತಿತ್ತು, ದನ ಇಳಿದು ನೀರು ಕುಡಿದು ಹತ್ತಿ ಬರೋಕೆ. ಇಳಿಯೋಕೆ ಜಾಗ ಇಲ್ದಿದ್ರೆ ಅದು ಕಟ್ಟೆ ಅಲ್ಲ, ತೊಟ್ಟಿ." ಈ ಕೊಳ ಕಟ್ಟಿದವರು ಇದೊಂದನ್ನು ಮೊದಲೇ ಯೋಚನೆ ಮಾಡಿದ್ದರೆ ನಾನು 5 ಸ್ಟಾರ್ ಕೊಡುತ್ತಿದ್ದೆ.

ಇನ್ನು ಸೊಳ್ಳೆ. ಬಡಾವಣೆಯಲ್ಲಿ ಈ ಕೊಳದ ಮೇಲೆ ದೊಡ್ಡ ದೂರು ಅದೇ, "ಕೊಳ ಮುಚ್ಚಿಸಿ, ಡೆಂಗಿ ಬರುತ್ತದೆ" ಅಂತ. ಭಯ ಸುಳ್ಳಲ್ಲ, ನಮ್ಮ ರಸ್ತೆಯಲ್ಲೇ ಕಳೆದ ವರ್ಷ ಎರಡು ಮನೆಯಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ್ದರು. ಆದರೆ ಸೊಳ್ಳೆ ಎಲ್ಲಿಂದ ಬರುತ್ತಿದೆ ಅಂತ ಆವತ್ತು ನಾವು ಕಣ್ಣಾರೆ ನೋಡಿದೆವು. ಬೆಂಚಿನ ಕೆಳಗೆ ಯಾರೋ ಹುಟ್ಟುಹಬ್ಬ ಮಾಡಿ ಬಿಟ್ಟುಹೋಗಿದ್ದ ಪ್ಲಾಸ್ಟಿಕ್ ಲೋಟ ಮತ್ತು ತಟ್ಟೆ ಇದ್ದವು, ಅವುಗಳಲ್ಲಿ ಮಳೆ ನೀರು ನಿಂತಿತ್ತು. ಮಗ ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದ. ಎರಡು ಬೆರಳು ನೀರಲ್ಲಿ ಕೂದಲಿನಂಥ ಮರಿಗಳು ತಲೆ ಕೆಳಗೆ ಮಾಡಿ ಮೇಲ್ಮೈಗೆ ನೇತುಹಾಕಿಕೊಂಡಿದ್ದವು, ಲೋಟ ಅಲ್ಲಾಡಿಸಿದರೆ ಡೊಂಕುಡೊಂಕಾಗಿ ಕೆಳಗೆ ಇಳಿಯುತ್ತಿದ್ದವು. ಮೂವತ್ತರ ತನಕ ಎಣಿಸಿ ಬಿಟ್ಟ. ಅದೇ ಲೋಟದಲ್ಲಿ ಕೊಳದ ನೀರು ಮೊಗೆದು ನೋಡಿದೆವು, ಮೂಲೆಯಲ್ಲಿ ಮೂರು ಸಲ, ಮೆಟ್ಟಿಲ ಹತ್ತಿರ ಮೂರು ಸಲ. ಒಂದೂ ಸಿಗಲಿಲ್ಲ. ಸಿಕ್ಕಿದ್ದು ಎರಡು ಗಪ್ಪಿ ಮೀನು. ಸೊಳ್ಳೆ ಮರಿ ತಿನ್ನಲಿ ಅಂತ ಯಾರೋ ಬಿಟ್ಟು ಹೋಗಿದ್ದಂತೆ. ಏರೋಪ್ಲೇನ್ ಚಿಟ್ಟೆಯ ಮರಿಗೂ ಸೊಳ್ಳೆ ಮರಿಯೇ ಊಟ, ದೊಡ್ಡದಾಗಿ ಹಾರಿದ ಮೇಲೆ ಸೊಳ್ಳೆಯೇ ಊಟ. ಡೆಂಗಿ ಸೊಳ್ಳೆ ಜಾಸ್ತಿ ಹುಡುಕೋದು ಇಂಥ ಲೋಟ, ಹಳೇ ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಮುಚ್ಚಳ ಇಲ್ಲದ ಡ್ರಮ್. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಅವನ್ನು ಬೋರಲು ಹಾಕಿದರೆ ಆಗುವ ಲಾಭ ಕೊಳ ಮುಚ್ಚಿದರೆ ಆಗೋದಿಲ್ಲ. ಅತ್ತೆ ಲೋಟಗಳನ್ನೆಲ್ಲ ಒಣ ಮಣ್ಣಿಗೆ ಬೋರಲು ಸುರಿದು, ಕವರಿನಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿಸಿದರು.

ದಯವಿಟ್ಟು ಕಡ್ಲೆಪುರಿ ಹಾಕಬೇಡಿ. ಮೀನಿಗೆ ಪುಣ್ಯ ಅಂತ ಪೊಟ್ಟಣ ಗಟ್ಟಲೆ ಸುರಿಯುವವರನ್ನು ನೋಡಿದೆ, ಮನಸ್ಸು ಒಳ್ಳೇದೇ. ಆದರೆ ಮೀನು ತಿನ್ನೋದು ಒಂದು ಮುಷ್ಟಿ, ಮಿಕ್ಕಿದ್ದು ಕೊಳೆತು ಪಾಚಿಗೆ ಗೊಬ್ಬರ. ಪಾಚಿ ಹಗಲು ಉಸಿರು ಕೊಡುತ್ತದೆ, ರಾತ್ರಿ ತಾನೇ ನೀರೊಳಗಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಅದಕ್ಕೇ ಪಾಚಿ ಜಾಸ್ತಿಯಾದ ಕೊಳದಲ್ಲಿ ಮೀನು ಸಾಯೋದು ಬೆಳಗಿನ ಜಾವ. "ಏಪ್ರಿಲ್‌ನಲ್ಲಿ ಬೆಳಗ್ಗೆ ಬಂದು ನೋಡಿದ್ರೆ ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದ್ವು ಅಕ್ಕ, ಮಧ್ಯಾಹ್ನದೊಳಗೆ ಅರ್ಧ ಹೋದ್ವು" ಅಂದರು ಮಾಲಿ ಅಣ್ಣ. ಕಾರಂಜಿ ಅಲಂಕಾರಕ್ಕೆ ಮಾತ್ರ ಅಂದುಕೊಂಡಿದ್ದೆ. ನೀರು ಮೇಲೆ ಹಾರಿ ಬೀಳುವಾಗ ಗಾಳಿ ಬೆರೆಯುತ್ತದೆ, ಮೀನಿಗೆ ಅದೇ ಉಸಿರು. ನಮ್ಮ ಕಾರಂಜಿ ಮೋಟರ್ ಕೆಟ್ಟು ಒಂದು ವರ್ಷದ ಮೇಲಾಗಿದೆ. ರಿಪೇರಿ ಮಾಡಿಸಿ, ಸಂಜೆ ದೀಪ ಹಾಕಿ ಓಡಿಸೋದಕ್ಕಿಂತ ಬೆಳಗಿನ ಜಾವ ಒಂದೆರಡು ಗಂಟೆ ಓಡಿಸಿ ಅಂತ ನನ್ನ ಕೋರಿಕೆ.

ಕೆಟ್ಟ ಕಾರಂಜಿ ಪೈಪಿನ ಮೇಲೆ ಒಂದು ಆಮೆ ಬಿಸಿಲು ಕಾಯುತ್ತಿತ್ತು. ಮಕ್ಕಳಿಗೆಲ್ಲ ಅದನ್ನು ಕಂಡರೆ ಖುಷಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇತ್ತು, ಅಂದರೆ ಇದು ನಮ್ಮ ಕಡೆಯದಲ್ಲ, ಅಮೆರಿಕದ ಜಾತಿ. ಅಕ್ವೇರಿಯಂ ಅಂಗಡಿಯಲ್ಲಿ ಬಿಸ್ಕತ್ತಿನಷ್ಟು ಅಗಲ ಇರುವಾಗ ಮಾರುತ್ತಾರೆ, ಮನೆಯಲ್ಲಿ ತಟ್ಟೆಯಷ್ಟು ಆದಾಗ ಯಾರಿಗೂ ಬೇಡ, ಹತ್ತಿರದ ಕೊಳಕ್ಕೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ಹತ್ತಾರು ವರ್ಷ ಬದುಕುತ್ತದೆ, ಮೀನು, ಕಪ್ಪೆ ಮರಿ, ಗಿಡ ಏನು ಸಿಕ್ಕರೂ ತಿನ್ನುತ್ತದೆ. ಆಮೆದು ತಪ್ಪಿಲ್ಲ. ಸಾಕೋಕೆ ಆಗಲ್ಲ ಅಂದರೆ ಕೊಂಡ ಅಂಗಡಿಗೇ ವಾಪಸ್ ಕೊಡಿ, ಇಲ್ಲಿ ತಂದು ಬಿಡಬೇಡಿ.

ಗಣೇಶ ಹಬ್ಬ ಮುಗಿದು ತಿಂಗಳಾಗಿತ್ತು. ಮೆಟ್ಟಿಲ ಕೆಳಗಿನ ನೀರಲ್ಲಿ ಬಣ್ಣ ಮಾಸದ ಕಿರೀಟದ ಚೂರು, ಒಂದು ಅಂಗೈ ಬಿದ್ದಿತ್ತು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ, ಕರಗೋದಿಲ್ಲ. ಅತ್ತೆ ಅದನ್ನು ನೋಡಿ ತುಂಬಾ ನೊಂದುಕೊಂಡರು, ಪೂಜೆ ಮಾಡಿದ ಕೈ ಹೀಗೆ ಕೆಸರಲ್ಲಿ ಬಿದ್ದಿರೋದಾ ಅಂತ. ನಾವು ಮಣ್ಣಿನ ಗಣಪನನ್ನು ಮನೆಯಲ್ಲೇ ಬಕೆಟ್‌ನಲ್ಲಿ ಬಿಟ್ಟು, ಕರಗಿದ ನೀರನ್ನು ತೆಂಗಿನ ಬುಡಕ್ಕೆ ಹಾಕುತ್ತೇವೆ. ಈ ಕೊಳ ಅಷ್ಟು ಮೂರ್ತಿ ತಡೆಯುವಷ್ಟು ದೊಡ್ಡದಲ್ಲ.

ಕೆಲವು ತೊಂದರೆ ಹೇಳಲೇಬೇಕು, ಹೋಗುವವರಿಗೆ ಗೊತ್ತಿರಲಿ. ಮೆಟ್ಟಿಲ ಮೇಲೆ ಪಾಚಿ ಇದೆ. ವಾಪಸ್ ಬರುವಾಗ ಅತ್ತೆ ಎರಡನೇ ಮೆಟ್ಟಿಲಲ್ಲಿ ಜಾರಿದರು, ನಾನು ತೋಳು ಹಿಡಿದುಕೊಂಡಿದ್ದರಿಂದ ಆಯಿತು, ಇಲ್ಲದಿದ್ದರೆ ಆ ಮಂಡಿ ಗತಿ ಏನಾಗುತ್ತಿತ್ತೋ. ಅಲ್ಲಿ ಹಿಡಿದುಕೊಳ್ಳೋಕೆ ಒಂದು ಕಂಬಿಯೂ ಇಲ್ಲ. ಸುತ್ತಲಿನ ಕಂಬಿ ಅಡ್ಡಡ್ಡ ಹಾಕಿದ್ದಾರೆ, ಏಣಿ ಥರ, ಮೂರು ವರ್ಷದ ಮಗು ಹತ್ತಿಬಿಡುತ್ತದೆ. ಚಿಕ್ಕ ಮಕ್ಕಳ ಕೈ ಬಿಡಲೇಬೇಡಿ. ಎಷ್ಟು ಆಳ ಅಂತ ಒಂದು ಬೋರ್ಡ್ ಇಲ್ಲ. ಶೌಚಾಲಯ ಇದೆ, ಬೀಗ ಹಾಕಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಮಾಲಿ ಅಣ್ಣನಿಗೂ ಗೊತ್ತಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಬರುವವರಿಗೆ ಇದು ದೊಡ್ಡ ಕಷ್ಟ. ಕುಡಿಯೋ ನೀರು ಮನೆಯಿಂದಲೇ ತನ್ನಿ.

ಈಗ ನನ್ನ ನಿಜವಾದ ಚಿಂತೆ. ಸಂಕ್ರಾಂತಿಯೊಳಗೆ ಕೊಳ "ಕ್ಲೀನ್" ಮಾಡಿಸುತ್ತಾರಂತೆ. ನೀರು ಖಾಲಿ ಮಾಡಿ, ಹೂಳು ತೆಗೆದು, ಜೊಂಡು ಕಿತ್ತು, ಜಾರಿದ ಗೋಡೆಯನ್ನು ಮತ್ತೆ ನೆಟ್ಟಗೆ ಕಟ್ಟಿ ಸಿಮೆಂಟ್ ಬಳಿಯುತ್ತಾರಂತೆ. ಹೂಳು ತೆಗೆಯೋದು ಬೇಡ ಅಂತ ನಾನು ಹೇಳುವುದಿಲ್ಲ, ಕೆರೆ ಕಟ್ಟೆ ಇರುವ ಊರಲ್ಲೆಲ್ಲ ಹೂಳೆತ್ತುವ ಪದ್ಧತಿ ಇದ್ದದ್ದೇ. ಪ್ಲಾಸ್ಟಿಕ್, ಮೂರ್ತಿ ಚೂರು ಎಲ್ಲ ಹೋಗಲಿ. ಜೊಂಡು ಬಿಟ್ಟರೆ ಇಡೀ ಕೊಳ ತುಂಬಿಕೊಳ್ಳುತ್ತದೆ, ಅದನ್ನು ವರ್ಷಕ್ಕೊಮ್ಮೆ ಅರ್ಧ ಕೊಯ್ಯಲೇಬೇಕು. ಆದರೆ ಆ ಮೂಲೆಯ ಇಳಿಜಾರನ್ನು ಉಳಿಸಿ. ಹಿಂದಿನ ಗೋಡೆ ಪೂರ್ತಿ ಮತ್ತೆ ಕಟ್ಟುವ ಬದಲು ಅಲ್ಲೊಂದಿಷ್ಟು ಸೈಜುಗಲ್ಲು ಇಟ್ಟು, ಮಣ್ಣು ಜಾರದ ಹಾಗೆ ಮಾಡಿದರೆ ಸಿಮೆಂಟಿನ ಖರ್ಚೂ ಉಳಿಯುತ್ತದೆ. ಕೆಲಸ ಒಂದೇ ಸಲ ಮಾಡದೆ ಅರ್ಧ ಕೊಳ ಈ ವರ್ಷ, ಅರ್ಧ ಮುಂದಿನ ವರ್ಷ ಮಾಡಿದರೆ ನೀರೊಳಗಿನ ಮರಿಗಳು ಬದುಕುತ್ತವೆ. ಇದನ್ನೇ ಒಂದು ಪುಟ ಬರೆದು, ನಮ್ಮ ರಸ್ತೆಯ ಮನೆಗಳಲ್ಲಿ ಸಹಿ ಹಾಕಿಸಿ ಕೊಟ್ಟಿದ್ದೇನೆ. ಸೊಳ್ಳೆ ದೂರು ಹೇಳುತ್ತಿದ್ದ ಮೂಲೆ ಮನೆ ಆಂಟಿ ಮೊದಲು ಒಪ್ಪಲಿಲ್ಲ. ಮಗ ಅವರನ್ನು ಕರೆದುಕೊಂಡು ಹೋಗಿ ಲೋಟದಲ್ಲಿ ನೀರು ಮೊಗೆದು ತೋರಿಸಿದ ಮೇಲೆ ಸಹಿ ಹಾಕಿದರು.

ಹೋಗುವವರಿಗೆ: ಗೇಟು ಬೆಳಗ್ಗೆ 5:30ರಿಂದ 9, ಸಂಜೆ 4:30ರಿಂದ 7:30. ಟಿಕೆಟ್ ಇಲ್ಲ. ಗಾಡಿ ಹಾಲಿನ ಬೂತಿನ ಪಕ್ಕ ನಿಲ್ಲಿಸಿ, ಸಮುದಾಯ ಭವನದಲ್ಲಿ ಮದುವೆ ಇದ್ದರೆ ಅಲ್ಲೂ ಜಾಗ ಸಿಗೋದಿಲ್ಲ. ಸಂಜೆ ಜನ ಜಾಸ್ತಿ, ಹಕ್ಕಿ ಕಮ್ಮಿ. ಬೆಳಗ್ಗೆ 6:30ರಿಂದ 8ರ ಒಳಗೆ ಹೋಗಿ, ಮಳೆ ಬಂದ ಮಾರನೇ ದಿನ ಆದರೆ ಇನ್ನೂ ಒಳ್ಳೇದು. ಗೇಟಿನಿಂದ ಬಲಕ್ಕೆ ತಿರುಗಿ, ಮೆಟ್ಟಿಲು ದಾಟಿ, ಹೊಂಗೆ ಮರದ ಕೆಳಗೆ ಮುರಿದ ಬೆಂಚ್ ಇದೆಯಲ್ಲ, ಅದರ ಪಕ್ಕ ನೆಲದ ಮೇಲೇ ಕೂತುಕೊಳ್ಳಿ, ಹಳೇ ಪೇಪರ್ ಒಂದು ತಂದರೆ ಸಾಕು. ಹತ್ತು ನಿಮಿಷ ಮಾತಾಡಬೇಡಿ. ಹುಂಡುಕೋಳಿ ಮರಿಗಳು ಈಗ ಮೂರಿಲ್ಲ, ಎರಡಿವೆ, ಮೊನ್ನೆ ಭಾನುವಾರ ನೋಡಿದೆವು, ರೆಕ್ಕೆ ಪುಕ್ಕ ಬರುತ್ತಿದೆ. ಮುಗಿಸಿಕೊಂಡು ಕ್ಯಾತಸಂದ್ರಕ್ಕೆ ಹೋದರೆ ಬಿಸಿ ತಟ್ಟೆ ಇಡ್ಲಿ ಸಿಗುತ್ತದೆ, ನಾವು ಎರಡು ಸಲವೂ ಹಾಗೇ ಮಾಡಿದೆವು.